ಬಜ್ಪೆಯಿಂದ ದುಬೈಗೆ ಎಷ್ಟು ದೂರ?



ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ ಎಂದು ಕೇಳಿದರೆ ಈಗ ಶಾಲೆಗೆ ಹೋಗುವ ಮಗುವೂ ಕ್ಷಣದಲ್ಲಿ ಉತ್ತರ ಹುಡುಕಿ ಹೇಳುತ್ತದೆ: ಸುಮಾರು 2,460 ಕಿಲೋಮೀಟರು. ಎಷ್ಟು ಹೊತ್ತಿನ ಪ್ರಯಾಣ ಎಂದರೆ, ಮೂರೂವರೆಯಿಂದ ನಾಲ್ಕು ಗಂಟೆ. ಉತ್ತರವೇನೋ ಸರಿಯೇ. ಆದರೆ ಈ ಉತ್ತರ ಕೇಳಿ ಸುಮ್ಮನಿರಲು ನಮ್ಮಿಂದಾಗದು. ಆ ದೂರಕ್ಕೆ ಬೆಲೆ ತೆರುವವರು ನಾವು. ಬೆಲೆ ಕಟ್ಟುವವರು ಬೇರೆಯವರು. ಅವರು ಕಟ್ಟುವ ಬೆಲೆಗೂ ಆ ದೂರಕ್ಕೂ ಇಂದು ಯಾವ ಸಂಬಂಧವೂ ಉಳಿದಿಲ್ಲವೆಂದೂ, ಸಂಬಂಧ ಇರಲೇಬೇಕೆಂದೂ, ಇರುವಂತೆ ಮಾಡುವುದು ಸರಕಾರದ ಕೈಯಲ್ಲೇ ಇದೆಯೆಂದೂ ಇಲ್ಲಿ ಹೇಳಬಯಸುತ್ತೇವೆ.

ಮೊದಲು ಅಳತೆಯ ವಿಚಾರ. ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಅಡಿಕೋಲು ಇಟ್ಟು ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಅಳೆಯುವುದಿಲ್ಲ. ಭೂಮಿ ಗುಂಡಗಿದೆ. ಶಾಲೆಯಲ್ಲಿರುವ ಭೂಗೋಲದ ಮೇಲೆ ಮಂಗಳೂರಿನಿಂದ ದುಬೈಗೆ ಒಂದು ನೂಲನ್ನು ಬಿಗಿಯಾಗಿ ಎಳೆದರೆ ಅದು ಯಾವ ದಾರಿ ಹಿಡಿಯುವುದೋ ಅದೇ ಅತಿ ಸಮೀಪದ ದಾರಿ. ಆ ನೂಲಿನ ಉದ್ದವೇ ಮೇಲೆ ಹೇಳಿದ 2,460 ಕಿಲೋಮೀಟರು. ವಿಮಾನವು ನಿಗದಿಯಾದ ಆಕಾಶಮಾರ್ಗದಲ್ಲಿ ಹೋಗಬೇಕಾದುದರಿಂದ ಅದಕ್ಕಿಂತ ಸ್ವಲ್ಪ ಹೆಚ್ಚು ಹಾರುತ್ತದೆ. ಚಳಿಗಾಲದಲ್ಲಿ ಮೇಲ್ಗಾಳಿಯು ಪಶ್ಚಿಮದಿಂದ ಪೂರ್ವಕ್ಕೆ ಬಲವಾಗಿ ಬೀಸುವುದರಿಂದ ಹೋಗುವಾಗ ಹೊತ್ತು ಹೆಚ್ಚು, ಊರಿಗೆ ಬರುವಾಗ ಕಡಿಮೆ. ಇನ್ನು ದುಬೈಯ ಗಡಿಯಾರ ನಮ್ಮ ಗಡಿಯಾರಕ್ಕಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 8 ಗಂಟೆಗೆ ಬಜ್ಪೆಯಿಂದ ಹೊರಟು 10.15ಕ್ಕೆ ದುಬೈಯಲ್ಲಿ ಇಳಿಯುವುದೆಂದು ಟಿಕೇಟಿನಲ್ಲಿ ಇದ್ದರೆ ಅದು ಎರಡೂಕಾಲು ಗಂಟೆಯ ಪ್ರಯಾಣವಲ್ಲ, ಮೂರೂಮುಕ್ಕಾಲು ಗಂಟೆಯದು.

ಇಷ್ಟನ್ನು ಹೇಳಿದ್ದಕ್ಕೆ ಕಾರಣವುಂಟು. ಗಾಳಿಯಿಂದ ಕಾಲು, ಅರ್ಧ ಗಂಟೆಯ ವ್ಯತ್ಯಾಸವಾದೀತು. ದೇಶದೇಶಗಳ ನಡುವೆ ಜಗಳವಾಗಿ ಆಕಾಶ ಮುಚ್ಚಿದರೆ ದಾರಿ ಸುತ್ತಾದೀತು. 2025ರ ಜೂನ್ 23ರಂದು ಕತಾರಿನ ಮೇಲೆ ಕ್ಷಿಪಣಿಗಳು ಬಂದಾಗ ಕೊಲ್ಲಿಯ ಹಲವು ರಾಷ್ಟ್ರಗಳು ಕೆಲವು ಗಂಟೆಗಳ ಕಾಲ ತಮ್ಮ ಆಕಾಶವನ್ನು ಮುಚ್ಚಿದ್ದುವು. ಇಂಥ ದಿನಗಳನ್ನು ಬಿಟ್ಟರೆ ಆ ನೂಲಿನ ಉದ್ದ ಜನವರಿಯಲ್ಲೂ 2,460, ಆಗಸ್ಟಿನಲ್ಲೂ 2,460. ಓಣಂ ಬಂತೆಂದು ಅದು ಉದ್ದವಾಗುವುದಿಲ್ಲ. ಬಕ್ರೀದು, ಕ್ರಿಸ್‌ಮಸ್ಸು ಬಂತೆಂದು ದುಬೈ ನಮ್ಮಿಂದ ದೂರ ಸರಿಯುವುದಿಲ್ಲ. ಆದರೆ ಟಿಕೇಟಿನ ದರವೋ? ಎರಡರಷ್ಟು, ಮೂರರಷ್ಟು, ಕೆಲವು ದಿನ ಅದಕ್ಕೂ ಹೆಚ್ಚು. ಅದೇ ವಿಮಾನ, ಅದೇ ಸೀಟು, ಅದೇ ಎಣ್ಣೆ, ಅದೇ ಪೈಲಟು, ಅದೇ ಮೂರೂಮುಕ್ಕಾಲು ಗಂಟೆ.

ಕಾರ್ಮಿಕನ ದಾರಿ

ವಿಮಾನದ ವೇಳಾಪಟ್ಟಿಯಲ್ಲಿ ಕಾಣುವ ಪ್ರಯಾಣವು ನಿಲ್ದಾಣದಿಂದ ನಿಲ್ದಾಣಕ್ಕೆ. ಕಾರ್ಮಿಕನ ಪ್ರಯಾಣವಾದರೋ ಕೆಲಸದ ಜಾಗದಿಂದ ಮನೆಯ ಬಾಗಿಲಿಗೆ. ಇವೆರಡರ ನಡುವಿನ ವ್ಯತ್ಯಾಸವನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ದುಬೈಯ ಸೋನಾಪುರದ ಕಾರ್ಮಿಕ ಕ್ಯಾಂಪಿನಲ್ಲಿರುವ ನಮ್ಮ ಕುಂಬಳೆಯ ಅಥವಾ ಬದಿಯಡ್ಕದ ಒಬ್ಬ ತರುಣನನ್ನು ನೆನೆಯಿರಿ. ಮೊದಲು ಅವನಿಗೆ ರಜೆ ಮಂಜೂರಾಗಬೇಕು. ಮಂಜೂರಾಗುವುದು ಸಾಮಾನ್ಯವಾಗಿ ಕೊನೆಯ ಗಳಿಗೆಯಲ್ಲಿ. ಅನಂತರ ಪಾಸ್‌ಪೋರ್ಟು ಕೈಗೆ ಬರಬೇಕು. ಕಾರ್ಮಿಕನ ಪಾಸ್‌ಪೋರ್ಟನ್ನು ಮಾಲಕ ಇಟ್ಟುಕೊಳ್ಳುವುದು ಆ ದೇಶದ ಕಾನೂನಿಗೇ ವಿರುದ್ಧ. ಆದರೂ ಅದು ಎಷ್ಟು ಕಂಪೆನಿಗಳ ಕಪಾಟಿನಲ್ಲಿ ಬೀಗದೊಳಗಿದೆ ಎಂಬುದನ್ನು ಅಲ್ಲಿ ದುಡಿದು ಬಂದವರನ್ನು ಕೇಳಿರಿ. ಸೌದಿಯಲ್ಲಿ 2021ರ ಮಾರ್ಚಿನ ಸುಧಾರಣೆಯಿಂದ ಖಾಸಗಿ ಕಂಪೆನಿಗಳ ಹೆಚ್ಚಿನ ನೌಕರರಿಗೆ ಮಾಲಕನ ಒಪ್ಪಿಗೆ ಇಲ್ಲದೆ ದೇಶ ಬಿಡುವ ಹಕ್ಕು ಸಿಕ್ಕಿತು. ಮನೆಗೆಲಸದವರನ್ನು ಮಾತ್ರ ಆ ಸುಧಾರಣೆಯ ಹೊರಗಿಟ್ಟರು. ಮನೆಗೆಲಸಕ್ಕೆ ಹೋದ ನಮ್ಮ ತಾಯಂದಿರಿಗೆ, ಅಕ್ಕತಂಗಿಯರಿಗೆ ಜೆದ್ದಾದಿಂದ ಮಂಗಳೂರು ಎಷ್ಟು ಗಂಟೆಯ ದಾರಿ ಎಂದು ಯಾವ ವೇಳಾಪಟ್ಟಿ ಹೇಳೀತು? ಕಫೀಲನು ಮನಸ್ಸು ಮಾಡುವ ತನಕದ ದಾರಿ ಅದು.

ಇತ್ತ ಬಜ್ಪೆಯಲ್ಲಿ ಇಳಿದವನು ಕಾಸರಗೋಡಿಗೆ ಬರಲು ಇನ್ನೂ ಅರವತ್ತು ಕಿಲೋಮೀಟರಿನ ಆಸುಪಾಸು ದಾರಿ, ನಡುವೆ ತಲಪಾಡಿಯ ಗಡಿ. 2020ರ ಮಾರ್ಚಿನಲ್ಲಿ ರೋಗದ ಭಯದಿಂದ ಕರ್ನಾಟಕದ ಅಧಿಕಾರಿಗಳು ಆ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಈಚೆಯೇ ಉಳಿದರು. ಚಿಕಿತ್ಸೆ ಸಿಗದೆ ಪ್ರಾಣ ಬಿಟ್ಟವರೂ ಇದ್ದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಯಬೇಕೆಂದು ಆಜ್ಞಾಪಿಸಬೇಕಾಯಿತು. ಕಣ್ಣಿಗೆ ಕಾಣುವ ಮಂಗಳೂರು ಆ ದಿನಗಳಲ್ಲಿ ದುಬೈಗಿಂತ ದೂರವಾಗಿತ್ತು. ದೂರವೆಂಬುದು ಭೂಮಿಯ ಮೇಲೆ ಇರುವಷ್ಟೇ ಆಳುವವರ ಕೈಯಲ್ಲೂ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಹಿರಿಯರು ಮುಂಬಯಿಗೆ ಹೋಗಿ ಹಡಗು ಹತ್ತಿ ಕೊಲ್ಲಿಗೆ ಹೋದವರು. ಮುಂಬಯಿಯಿಂದ ಮಸ್ಕತ್, ದುಬೈ, ಬಹರೇನ್, ಕುವೈತಿಗೆ ಹೋಗುತ್ತಿದ್ದ ‘ದ್ವಾರಕಾ’ ಎಂಬ ಹಡಗು 1982ರ ತನಕ ಓಡಿತು. 2006ರಲ್ಲಿ ಬಜ್ಪೆಯಿಂದಲೇ ದುಬೈಗೆ ನೇರ ವಿಮಾನ ಆರಂಭವಾಯಿತು. ದಿನಗಟ್ಟಲೆಯ ದಾರಿ ಗಂಟೆಗಳಿಗೆ ಇಳಿಯಿತು. ಇದು ದೊಡ್ಡ ಉಪಕಾರವೇ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಿಮಾನ ನಾಲ್ಕು ಗಂಟೆಯಲ್ಲಿ ತಲಪಿಸಬಲ್ಲುದಾದರೂ, ದರ ಇಳಿಯಲಿ ಎಂದು ತಂಗಿಯ ಮದುವೆಗೆ ಬಾರದೆ ನಾಲ್ಕು ತಿಂಗಳು ಕಾಯುವವನಿಗೆ ಪ್ರಯಾಣಕಾಲ ನಾಲ್ಕು ತಿಂಗಳೇ.

ಅವರು ಹೇಳುವ ಕಾರಣಗಳು

ದರ ಏಕೆ ಏರುತ್ತದೆ ಎಂದರೆ ಕಂಪೆನಿಗಳವರು ಕೆಲವು ಕಾರಣಗಳನ್ನು ಮುಂದಿಡುತ್ತಾರೆ. ಅವನ್ನು ಒಂದೊಂದಾಗಿ ನೋಡೋಣ.

ಒಂದು: ರಜೆಯ ಕಾಲದಲ್ಲಿ ಜನ ಒಂದೇ ದಿಕ್ಕಿಗೆ ಹೋಗುತ್ತಾರೆ, ಮರಳಿ ಬರುವ ವಿಮಾನದಲ್ಲಿ ಸೀಟು ಖಾಲಿ, ಆ ನಷ್ಟವನ್ನು ತುಂಬಿಕೊಳ್ಳಬೇಕು ಎನ್ನುತ್ತಾರೆ. ಮಾತಿನಲ್ಲಿ ಸತ್ಯಾಂಶವಿದೆ. ಒಂದು ಕಡೆ ಖಾಲಿ ಹೋದರೆ ಖರ್ಚು ಇನ್ನೊಂದು ಕಡೆಯವರ ಮೇಲೆ ಬೀಳುತ್ತದೆ. ಆದರೆ ಎರಡೂ ದಿಕ್ಕಿನ ಖರ್ಚನ್ನು ಒಂದೇ ದಿಕ್ಕಿನವರ ಮೇಲೆ ಹೊರಿಸಿದರೂ ದರ ಎರಡರಷ್ಟು ಆಗಬೇಕಷ್ಟೆ. ಮೂರರಷ್ಟು ತೆಗೆದುಕೊಂಡರೆ ಆ ಮೂರನೆಯ ಪಾಲು ಯಾವ ಖಾಲಿ ಸೀಟಿನದು?

ಎರಡು: ಮುಂಚಿತವಾಗಿ ಟಿಕೇಟು ಮಾಡಿದರೆ ಅಗ್ಗ ಎನ್ನುತ್ತಾರೆ. ಆಫೀಸಿನಲ್ಲಿ ಕೂತು ವರ್ಷದ ರಜೆಯನ್ನು ಜನವರಿಯಲ್ಲೇ ನಿಶ್ಚಯಿಸುವವರಿಗೆ ಇದು ಒಳ್ಳೆಯ ಸಲಹೆ. ಫೋರ್‌ಮನ್ ಹೂಂ ಅಂದ ಮೇಲೆ ಹೊರಡಬೇಕಾದವನು ಮೂರು ತಿಂಗಳ ಮೊದಲು ಟಿಕೇಟು ಮಾಡುವುದು ಹೇಗೆ? ಅಪ್ಪನಿಗೆ ಪಾರ್ಶ್ವವಾಯು ಬಡಿಯುವುದು, ಅಮ್ಮ ಕಣ್ಣು ಮುಚ್ಚುವುದು ಮುಂಗಡ ನೋಟೀಸು ಕೊಟ್ಟು ಆಗುವ ಕೆಲಸವೇ? ಅತಿ ಹೆಚ್ಚು ಅವಸರವುಳ್ಳವನಿಂದ ಅತಿ ಹೆಚ್ಚು ಹಣ ಕೀಳುವುದೇ ಈ ಪದ್ಧತಿಯ ಒಳಗುಟ್ಟು. ಹೆಣದ ಮನೆಗೆ ಹೊರಟವನ ಅವಸರವೂ ಅವರ ಪಾಲಿಗೆ ಒಳ್ಳೆಯ ಗಿರಾಕಿಯ ಲಕ್ಷಣ.

ಮೂರು: ಸೀಟುಗಳು ಕಡಿಮೆ, ಜನ ಹೆಚ್ಚು, ಇದು ಮಾರುಕಟ್ಟೆಯ ಧರ್ಮ ಎನ್ನುತ್ತಾರೆ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಸೀಟುಗಳು ಏಕೆ ಕಡಿಮೆ? ಎರಡು ದೇಶಗಳ ನಡುವೆ ವಾರಕ್ಕೆ ಎಷ್ಟು ಸೀಟು ಎಂಬುದು ಸರಕಾರಗಳ ನಡುವಿನ ಒಪ್ಪಂದದಿಂದ ನಿಶ್ಚಯವಾಗುತ್ತದೆ. ಭಾರತ ಮತ್ತು ದುಬೈಗಳ ನಡುವೆ 2014ರಲ್ಲಿ ಇದನ್ನು ಒಂದೊಂದು ಪಕ್ಷಕ್ಕೆ ವಾರಕ್ಕೆ ಸುಮಾರು 65,000 ಎಂದು ಗೊತ್ತುಮಾಡಿದರು. ಅದರ ಮೇಲೆ ಹತ್ತು ವರ್ಷ ಕಳೆದರೂ, ಹೋಗಿಬರುವ ಜನ ಹೆಚ್ಚಿದರೂ, ಆ ಸಂಖ್ಯೆ ಬೆಳೆಯಲಿಲ್ಲ. 2018ರ ಡಿಸೆಂಬರ್ 9ರಂದು ಕಣ್ಣೂರಿನಲ್ಲಿ ದೊಡ್ಡ ವಿಮಾನ ನಿಲ್ದಾಣ ತೆರೆಯಿತು. 2024 ಮುಗಿದರೂ ಅಲ್ಲಿಂದ ದಿನನಿತ್ಯದ ಸಂಚಾರ ನಡೆಸಲು ವಿದೇಶೀ ಕಂಪೆನಿಗಳಿಗೆ ಅನುಮತಿ ಸಿಕ್ಕಿರಲಿಲ್ಲ. ಅಂದಮೇಲೆ ಇದು ಯಾವ ಮಾರುಕಟ್ಟೆ? ಸಂತೆಯ ಬಾಗಿಲಿಗೆ ಸರಕಾರವೇ ಬೀಗ ಹಾಕಿ, ಒಳಗೆ ಇಬ್ಬರು ಮೂವರು ವ್ಯಾಪಾರಿಗಳನ್ನು ಬಿಟ್ಟು, ದರ ಏರಿದಾಗ ‘ಇದು ಸಂತೆಯ ಧರ್ಮ’ ಎಂದರೆ ನಾವು ಒಪ್ಪಬೇಕೇ?

ವಿದೇಶೀ ಕಂಪೆನಿಗಳಿಗೆ ಹೆಚ್ಚು ಸೀಟು ಕೊಟ್ಟರೆ ಅವು ನಮ್ಮ ಪ್ರಯಾಣಿಕರನ್ನು ದುಬೈಯಲ್ಲಿ ಇಳಿಸಿ ಬೇರೆ ವಿಮಾನ ಹತ್ತಿಸಿ ಲಂಡನ್ನಿಗೂ ನ್ಯೂಯಾರ್ಕಿಗೂ ಒಯ್ಯುತ್ತವೆ, ನಮ್ಮ ಕಂಪೆನಿಗಳಿಗೆ ನಷ್ಟ ಎಂಬ ವಾದವೂ ಇದೆ. ಇರಬಹುದು. ಅದು ಲಂಡನ್ನಿಗೆ ಹೋಗುವವರ ಬಗೆಗಿನ ಜಗಳ. ದುಬೈಯಲ್ಲೇ ಇಳಿದು ಸಿಮೆಂಟಿನ ಚೀಲ ಹೊರುವವನು ಆ ಜಗಳದ ದಂಡವನ್ನು ತನ್ನ ಸಂಬಳದಿಂದ ಏಕೆ ಕಟ್ಟಬೇಕು?

ನಾಲ್ಕು: ಟಿಕೇಟು ಕೊಡುವುದು ಮಾಲಕನಲ್ಲವೇ ಎನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಟಿಕೇಟು ಕೊಡುವ ಒಪ್ಪಂದ ಹಲವರಿಗೆ ಇದೆ, ನಿಜ. ಟಿಕೇಟಿನ ಬದಲು ಇಷ್ಟು ಹಣವೆಂದು ಮೊದಲೇ ಗೊತ್ತುಮಾಡಿ ಕೊಡುವವರೂ ಇದ್ದಾರೆ. ಆಗ ದರ ಏರಿದರೆ ಏರಿದಷ್ಟೂ ಕಾರ್ಮಿಕನ ಕಿಸೆಗೇ ಬೀಳುತ್ತದೆ. ಸಣ್ಣ ಅಂಗಡಿಗಳಲ್ಲಿ, ಮನೆಗಳಲ್ಲಿ, ಗ್ಯಾರೇಜುಗಳಲ್ಲಿ ದುಡಿಯುವ ಅನೇಕರಿಗೆ ಕಾಗದದಲ್ಲಿರುವ ಒಪ್ಪಂದವು ಕಾಗದದಲ್ಲೇ ಉಳಿಯುತ್ತದೆ.

ಸರಕಾರ ಮಾಡಿ ತೋರಿಸಿದೆ

ವಿಮಾನದ ದರವನ್ನು ನಿಯಂತ್ರಿಸಲು ಸಾಧ್ಯವಿಲ್ಲ, ಅದು ಕಂಪೆನಿಗಳ ಸ್ವಾತಂತ್ರ್ಯ ಎಂಬ ಉತ್ತರ ದಿಲ್ಲಿಯಿಂದ ಬರುತ್ತಲೇ ಇದೆ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಅದೇ ದಿಲ್ಲಿ ಒಂದಲ್ಲ, ಮೂರು ಸಲ ವಿಮಾನದ ದರವನ್ನು ದೂರಕ್ಕೂ ಹೊತ್ತಿಗೂ ಗಂಟು ಹಾಕಿದೆ.

2016ರಲ್ಲಿ ಸಣ್ಣ ಊರುಗಳಿಗಾಗಿ ‘ಉಡಾನ್’ ಯೋಜನೆ ಬಂತು. ಒಂದು ಗಂಟೆಯ, ಅಂದರೆ ಸುಮಾರು 500 ಕಿಲೋಮೀಟರಿನ ಪ್ರಯಾಣಕ್ಕೆ ವಿಮಾನದ ಅರ್ಧದಷ್ಟು ಸೀಟುಗಳನ್ನು 2,500 ರೂಪಾಯಿಗೆ ಕೊಡಬೇಕೆಂದರು. ಹವಾಯಿ ಚಪ್ಪಲಿ ಹಾಕಿದವನೂ ವಿಮಾನ ಹತ್ತಬೇಕೆಂಬ ಮಾತು ಆಗ ಕೇಳಿಬಂತು. ಕೊಲ್ಲಿಗೆ ಹೋಗುವ ನಮ್ಮವರು ಎಂದೋ ಚಪ್ಪಲಿಯಲ್ಲೇ ವಿಮಾನ ಹತ್ತಿದವರು. ಅವರ ನೆನಪು ಮಾತ್ರ ಯಾರಿಗೂ ಆಗಲಿಲ್ಲ.

2020ರ ಮೇ ತಿಂಗಳಲ್ಲಿ, ರೋಗದ ಕಾಲದಲ್ಲಿ ನಿಂತಿದ್ದ ದೇಶದೊಳಗಿನ ವಿಮಾನಗಳು ಮತ್ತೆ ಹಾರಿದಾಗ, ಸರಕಾರವು ಹಾರಾಟದ ಹೊತ್ತನ್ನು ಏಳು ಭಾಗ ಮಾಡಿ ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ ದರಗಳನ್ನು ಕಟ್ಟಿತು. 40 ನಿಮಿಷದೊಳಗಿನ ಹಾರಾಟಕ್ಕೆ 2,000ದಿಂದ 6,000 ರೂಪಾಯಿ. ಮೂರು ಗಂಟೆಯಿಂದ ಮೂರೂವರೆ ಗಂಟೆಯ ಹಾರಾಟಕ್ಕೆ 6,500ರಿಂದ 18,600. ಅಂಕಿಗಳು ಆಮೇಲೆ ಬದಲಾದರೂ ಈ ಕಟ್ಟಳೆ 2022ರ ಆಗಸ್ಟ್ ಕೊನೆಯ ತನಕ ನಡೆಯಿತು. ಯಾವ ವಿಮಾನವೂ ಅದರಿಂದ ಆಕಾಶದಿಂದ ಕೆಳಗೆ ಬೀಳಲಿಲ್ಲ.

2025ರ ಡಿಸೆಂಬರಿನಲ್ಲಿ ದೇಶದ ಅತಿ ದೊಡ್ಡ ವಿಮಾನ ಕಂಪೆನಿಯ ಸಾವಿರಾರು ಹಾರಾಟಗಳು ರದ್ದಾಗಿ ಉಳಿದವರು ದರ ಏರಿಸಿದಾಗ, ಸರಕಾರವು ಮತ್ತೆ ಮಿತಿ ಹಾಕಿತು. ಈ ಸಲ ಕಿಲೋಮೀಟರಿನ ಲೆಕ್ಕ: 500 ಕಿಲೋಮೀಟರಿನ ತನಕ 7,500 ರೂಪಾಯಿ, 1,000ದ ತನಕ 12,000, 1,500ರ ತನಕ 15,000, ಅದಕ್ಕೂ ಮೇಲೆ 18,000.

ಇನ್ನು ತಾಳೆ ನೋಡಿರಿ. ತಿರುವನಂತಪುರದಿಂದ ದಿಲ್ಲಿಗೆ ಸುಮಾರು 2,230 ಕಿಲೋಮೀಟರು. ಬಜ್ಪೆಯಿಂದ ದುಬೈಗೆ ಸುಮಾರು 2,460. ವ್ಯತ್ಯಾಸ ಇನ್ನೂರ ಮೂವತ್ತು ಕಿಲೋಮೀಟರು, ಹಾರಾಟದಲ್ಲಿ ಇಪ್ಪತ್ತು ನಿಮಿಷದ ಆಚೀಚೆ. ದಿಲ್ಲಿಗೆ ಹೋಗುವವನ ಮೇಲೆ ಅನ್ಯಾಯವಾದಾಗ ಸರಕಾರಕ್ಕೆ ಕಿಲೋಮೀಟರು ಎಣಿಸಲು ಬರುತ್ತದೆ. ದುಬೈಯಿಂದ ಬರುವವನ ಮೇಲೆ ವರ್ಷವರ್ಷವೂ ಅನ್ಯಾಯವಾದಾಗ ಎಣಿಕೆ ಮರೆತುಹೋಗುತ್ತದೆ. ಒಂದೇ ಅಂಗಡಿಯಲ್ಲಿ ಎರಡು ಬಗೆಯ ತೂಕದ ಕಲ್ಲು ಇಡುವುದನ್ನು ನಮ್ಮ ಹಿರಿಯರು ಏನೆಂದು ಕರೆಯುತ್ತಿದ್ದರೆಂದು ಓದುಗರಿಗೆ ನಾವು ಹೇಳಬೇಕಾಗಿಲ್ಲ.

ವಿದೇಶದ ಹಾರಾಟವೆಂದರೆ ಎರಡು ದೇಶಗಳು ಒಪ್ಪಬೇಕು ಎಂಬುದು ನಿಜ. ಹಾಗಾದರೆ ಕೂತು ಮಾತಾಡಿ ಒಪ್ಪಲಿ. ಸೀಟಿನ ಲೆಕ್ಕಕ್ಕೆ ಕೂತುಕೊಳ್ಳುವವರು ದರದ ಲೆಕ್ಕಕ್ಕೂ ಕೂತುಕೊಳ್ಳಬಹುದು. ನಮ್ಮದೇ ದೇಶದ ಕಂಪೆನಿಗಳ ಮೇಲೆ ಕಣ್ಣಿಡಲು ಅದಕ್ಕೂ ಕಾಯಬೇಕಾಗಿಲ್ಲ. ಖರ್ಚನ್ನೂ ನ್ಯಾಯವಾದ ಲಾಭವನ್ನೂ ನೋಡಿ ದರ ಕಟ್ಟಬೇಕು, ದರ ಮಿತಿಮೀರಿದ್ದರೆ ವಿಮಾನಯಾನದ ಮಹಾನಿರ್ದೇಶಕರು ಆಜ್ಞೆ ಮಾಡಬಹುದು ಎಂದು 1937ರ ವಿಮಾನ ನಿಯಮಗಳ 135ನೆಯ ನಿಯಮದಲ್ಲೇ ಬರೆದಿಟ್ಟಿದ್ದಾರೆ. ಬರೆದಿಟ್ಟದ್ದನ್ನು ಓದುವವರು ಬೇಕು.

ಸತ್ತವರಿಗೆ ಸಿಕ್ಕಿದ್ದು

ಇನ್ನೊಂದು ಸಂಗತಿ ಹೇಳಲೇಬೇಕು. ಕೊಲ್ಲಿಯಲ್ಲಿ ತೀರಿಕೊಂಡ ನಮ್ಮ ಸಹೋದರರ ಶವಗಳನ್ನು ಊರಿಗೆ ತರುವಾಗ ಪೆಟ್ಟಿಗೆಯ ಸಮೇತ ತಕ್ಕಡಿಯಲ್ಲಿಟ್ಟು ತೂಗಿ, ಕಿಲೋವಿಗೆ ಇಷ್ಟೆಂದು ಹಣ ಪಡೆಯುವ ಪದ್ಧತಿ ಬಹುಕಾಲ ನಡೆಯಿತು. ತರಕಾರಿಗೂ ಮನುಷ್ಯನಿಗೂ ಒಂದೇ ತಕ್ಕಡಿ. ಅಲ್ಲಿಯ ಕಾರ್ಮಿಕರೂ ಸಮಾಜಸೇವಕರೂ ವರ್ಷಗಟ್ಟಲೆ ಕೂಗಿದ ಮೇಲೆ 2019ರ ಜನವರಿಯಲ್ಲಿ ಆಗ ಸರಕಾರದ್ದಾಗಿದ್ದ ಏರ್ ಇಂಡಿಯಾ ತೂಗುವುದನ್ನು ನಿಲ್ಲಿಸಿತು. ದೇಶಕ್ಕೆ ಇಷ್ಟೆಂದು ನಿಗದಿ ದರ ಮಾಡಿತು. ಯು.ಎ.ಇ.ಯಿಂದ ದೊಡ್ಡವರಿಗೆ 1,500 ದಿರಮು, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 750. ಆ ದರ ಹಬ್ಬಕ್ಕೆ ಏರುವಂಥದಲ್ಲ.

ಸತ್ತು ಬರುವವನಿಗೆ ನಿಗದಿ ದರ ಸಿಕ್ಕಿತು. ಅವನ ಪೆಟ್ಟಿಗೆಯ ಜೊತೆಗೆ ಅದೇ ವಿಮಾನದಲ್ಲಿ ಬರುವ ತಮ್ಮನಿಗೆ ಸಿಕ್ಕಿಲ್ಲ. ಕೂಗಿದ್ದರಿಂದಲೇ ಅದು ಸಿಕ್ಕಿತು ಎಂಬುದನ್ನು ಮಾತ್ರ ನಾವು ಮರೆಯಬಾರದು.

ಒಂದು ಕಾಲದಲ್ಲಿ ಸರಕಾರಕ್ಕೆ ಇನ್ನೂ ದೊಡ್ಡ ಮನಸ್ಸಿತ್ತು. 1990ರ ಆಗಸ್ಟ್ 2ರಂದು ಕುವೈತಿನ ಮೇಲೆ ಇರಾಕು ನುಗ್ಗಿದ ಮೇಲೆ, ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನಿಗೆ ಬಂದು ಸೇರಿದ ನಮ್ಮವರನ್ನು ಅಲ್ಲಿಂದ ಸುಮಾರು 4,000 ಕಿಲೋಮೀಟರು ದೂರದ ಮುಂಬಯಿಗೆ ತಂದರು. ಎರಡು ತಿಂಗಳಲ್ಲಿ 488 ಹಾರಾಟ, ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಜನ. ಉಟ್ಟ ಬಟ್ಟೆಯಲ್ಲಿ ಬಂದವರ ಕೈಯಿಂದ ಟಿಕೇಟಿನ ಹಣ ಕೇಳಲಿಲ್ಲ. ಮೂವತ್ತು ವರ್ಷ ಕಳೆದು 2020ರ ಮೇ 7ರಂದು ‘ವಂದೇ ಭಾರತ್’ ಹಾರಾಟಗಳು ಆರಂಭವಾದಾಗ, ಕೆಲಸ ಕಳಕೊಂಡು ಕ್ಯಾಂಪಿನಲ್ಲಿ ಹಸಿದು ಕೂತವನೂ ತನ್ನ ಟಿಕೇಟಿಗೆ ತಾನೇ ಹಣ ಕೊಡಬೇಕಾಯಿತು. ದೇಶ ಆ ಮೂವತ್ತು ವರ್ಷಗಳಲ್ಲಿ ಬಡವಾಗಿರಲಿಲ್ಲ.

ನಾವು ಕೇಳುವುದು

ನಾವು ಧರ್ಮಕ್ಕೆ ಕೇಳುತ್ತಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಸಾದಾ ಬಸ್ಸಿನಲ್ಲಿ ಸ್ಟೇಜಿಗೆ ಇಷ್ಟೆಂದು ಚಾರ್ಜು ಇದೆ. ವಿಷುವಿಗೂ ದೀಪಾವಳಿಗೂ ಕಂಡಕ್ಟರನು ಮೂರರಷ್ಟು ಕೇಳುವುದಿಲ್ಲ, ಕೇಳಿದರೆ ಜನ ಬಿಡುವುದೂ ಇಲ್ಲ. ಅದೇ ನ್ಯಾಯ ವಿಮಾನಕ್ಕೂ ಇರಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಕೊಲ್ಲಿ ರಾಷ್ಟ್ರಗಳ ಹಾರಾಟಕ್ಕೆ ಕಿಲೋಮೀಟರಿನ ಲೆಕ್ಕದಲ್ಲಿ ಗರಿಷ್ಠ ದರವನ್ನು ಗೊತ್ತುಮಾಡಿ ಪ್ರಕಟಿಸಬೇಕು. ರಜೆಯ ತಿಂಗಳುಗಳು ಯಾವುವೆಂದು ಕ್ಯಾಲೆಂಡರು ನೋಡಿದರೆ ತಿಳಿಯುತ್ತದೆ. ಆ ತಿಂಗಳುಗಳಿಗೆ ಹೆಚ್ಚಿನ ಸೀಟುಗಳನ್ನು ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ಸಾವು ಮತ್ತು ಕಠಿಣ ಕಾಯಿಲೆಯ ಸಂದರ್ಭಕ್ಕೆಂದು ಪ್ರತಿ ಹಾರಾಟದಲ್ಲಿ ಕೆಲವು ಸೀಟುಗಳನ್ನು ನಿಗದಿ ದರದಲ್ಲಿ ತೆಗೆದಿಡಬೇಕು. ವಿಲೇಜ್ ಆಫೀಸರರ ಅಥವಾ ಆಸ್ಪತ್ರೆಯ ಒಂದು ಚೀಟಿ ಸಾಕೆನ್ನಬೇಕು. ಮತ್ತು ಗಡಿನಾಡಿನವರಾದ ನಮ್ಮನ್ನು ಎರಡೂ ರಾಜ್ಯಗಳು ತಮ್ಮವರೆಂದು ಎಣಿಸಬೇಕು. ನಾವು ಇಳಿಯುವ ನಿಲ್ದಾಣ ಕರ್ನಾಟಕದ್ದು, ರೇಶನ್ ಕಾರ್ಡು ಕೇರಳದ್ದು. ತಿರುವನಂತಪುರದವರು ಮಾತಾಡುವಾಗ ಕೊಚ್ಚಿ, ಕೋಝಿಕ್ಕೋಡಿನ ಮಾತಾಡುತ್ತಾರೆ. ಬೆಂಗಳೂರಿನವರಿಗೆ ಬಜ್ಪೆಯಲ್ಲಿ ಇಳಿದವನು ತಲಪಾಡಿ ದಾಟಿದೊಡನೆ ಪರಕೀಯ. ನಡುವೆ ಬಿದ್ದವರು ನಾವು.

ಸಹೋದರರೇ, ಇದಕ್ಕಾಗಿ ಒಂದು ಕೆಲಸವನ್ನು ಈ ತಿಂಗಳೇ ಮಾಡೋಣ. ನಿಮ್ಮ ಮನೆಯಿಂದ ಕೊಲ್ಲಿಗೆ ಹೋದವರು ಕಳೆದ ಎರಡು ವರ್ಷಗಳಲ್ಲಿ ಬಂದುಹೋದ ಟಿಕೇಟುಗಳನ್ನು ಹುಡುಕಿ ತೆಗೆಯಿರಿ. ಯಾವ ದಿನ, ಎಲ್ಲಿಂದ ಎಲ್ಲಿಗೆ, ಎಷ್ಟು ಹಣ, ಎಷ್ಟು ದಿನ ಮೊದಲು ಮಾಡಿದ್ದು, ಯಾವ ಕಾರಣಕ್ಕೆ ಬಂದದ್ದು ಎಂದು ಒಂದು ಹಾಳೆಯಲ್ಲಿ ಬರೆದು ನಿಮ್ಮ ಊರಿನ ನಮ್ಮ ಕೂಟದಲ್ಲಿ ಕೊಡಿರಿ. ಮುಸಲ್ಮಾನ ನೆರೆಯವರನ್ನೂ ಹಿಂದೂ ನೆರೆಯವರನ್ನೂ ಕೇಳಿ ಬರೆಸಿಕೊಳ್ಳಿರಿ. ಟಿಕೇಟಿನ ದರ ಯಾರ ಮತವನ್ನೂ ನೋಡಿ ಏರುವುದಿಲ್ಲ. ಕಾಸರಗೋಡಿನ ಮತ್ತು ದಕ್ಷಿಣ ಕನ್ನಡದ ಇಬ್ಬರು ಲೋಕಸಭಾ ಸದಸ್ಯರ ಮುಂದೆಯೂ ಆ ಹಾಳೆಗಳನ್ನು ಒಟ್ಟಿಗೆ ಇಡೋಣ. ಪ್ರತಿ ಹಾಳೆಯ ಮೇಲ್ಭಾಗದಲ್ಲಿ ದೂರವನ್ನು ನಾವೇ ಬರೆಯುವೆವು: 2,460 ಕಿಲೋಮೀಟರು. ಅದರ ಕೆಳಗೆ ನೀವು ಕೊಟ್ಟ ಹಣ ಇರಲಿ. ಒಂದೇ ದೂರಕ್ಕೆ ಇಷ್ಟೊಂದು ಬೆಲೆಗಳು ಹೇಗೆ ಬಂದುವೆಂದು ಅವರು ಓದಿ ಉತ್ತರಿಸಲಿ.